ಮದ್ಯದಲ್ಲಿ ಅಡಗಿದ ವಿಷವನ್ನು ಪ್ರಯೋಗಾಲಯವು ಕಾಣುವ ಬಗೆ

1981ನೆಯ ಇಸವಿಯ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯನ್ನು ಕುಡಿದು 300ಕ್ಕೂ ಹೆಚ್ಚು ಮಂದಿ ಅಸುನೀಗಿದ ಸುದ್ದಿಯನ್ನು ಹಿರಿಯ ವಾಚಕರು ಮರೆತಿರಲಾರರು. 2004ರ ಡಿಸೆಂಬರಿನಲ್ಲಿ ಮುಂಬಯಿಯ ವಿಕ್ರೋಲಿಯಲ್ಲಿ 80ಕ್ಕೂ ಹೆಚ್ಚು, 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿಭಾಗದ ಊರುಗಳಲ್ಲಿ 100ಕ್ಕೂ ಹೆಚ್ಚು, 2015ರ ಜೂನಿನಲ್ಲಿ ಮಲಾಡಿನ ಮಾಲವಣಿಯಲ್ಲಿ ಮತ್ತೆ 100ಕ್ಕೂ ಹೆಚ್ಚು, 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಇದೇ ಬಗೆಯಲ್ಲಿ ಮಡಿದರು. ಪ್ರತಿಸಲವೂ ವೃತ್ತಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಅಚ್ಚಾಗುತ್ತದೆ: ‘ಮದ್ಯದ ಮಾದರಿಯನ್ನು ರಾಸಾಯನಿಕ ಪರೀಕ್ಷೆಗೆ ಕಳುಹಿಸಲಾಗಿದೆ.’ ಓದುವವರು ಆ ವಾಕ್ಯವನ್ನು ದಾಟಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಆದರೆ ಆ ಸೀಸೆಯೊಳಗಿನ ನೀರಿನಂಥ ದ್ರವದಲ್ಲಿ ವಿಷವಿದೆಯೆಂದು ಯಾರು, ಯಾವ ಉಪಾಯದಿಂದ ಕಂಡುಹಿಡಿದರು ಎಂಬುದನ್ನು ತಿಳಿಯಲು ಯತ್ನಿಸಿದರೆ ಅದು ವೃಥಾ ಶ್ರಮವಾಗಲಾರದು. ಮದ್ಯವನ್ನು ಮುಟ್ಟದ ಮನೆಯವರಿಗೂ ಈ ವಿಷಯ ಹೊರಗಿನದಲ್ಲ. ನಮ್ಮ ಜಿಲ್ಲೆಗಳಿಂದ ನಗರಕ್ಕೆ ಬಂದು ಹೋಟೆಲುಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ, ಕಾವಲುಗಾರಿಕೆಯಲ್ಲಿ ದುಡಿಯುವ ಹುಡುಗರು ಸಂಜೆಯ ಹೊತ್ತು ಎಲ್ಲಿ ಏನು ಕುಡಿಯುತ್ತಾರೆಂಬುದನ್ನು ಬಲ್ಲವರು ಯಾರು?

ಮದ್ಯವೆಂದು ಲೋಕವು ಕರೆಯುವ ಪಾನೀಯಗಳೆಲ್ಲದರ ಮೂಲವಸ್ತು ಈಥೈಲ್ ಮದ್ಯಸಾರ. ಬೆಲ್ಲ, ಧಾನ್ಯ, ದ್ರಾಕ್ಷಿ ಮೊದಲಾದವನ್ನು ಹುದುಗೆಬ್ಬಿಸಿದಾಗ ದೊರೆಯುವುದು ಇದು. ಇದರ ಸಮೀಪದ ಬಂಧು ಮೀಥೈಲ್ ಮದ್ಯಸಾರ. ಪತ್ರಿಕೆಗಳಲ್ಲಿ ಮೆಥನಾಲ್ ಎಂದು ಬರುವುದು ಇದೇ. ಹಿಂದೆ ಮರವನ್ನು ಗಾಳಿಯಿಲ್ಲದೆ ಕಾಯಿಸಿ ಇದನ್ನು ಪಡೆಯುತ್ತಿದ್ದುದರಿಂದ ಮರದ ಮದ್ಯಸಾರವೆಂಬ ಹೆಸರೂ ಇದಕ್ಕುಂಟು. ಈಗ ಇದನ್ನು ದೊಡ್ಡ ಕಾರ್ಖಾನೆಗಳಲ್ಲಿ ನೈಸರ್ಗಿಕ ಅನಿಲ ಅಥವಾ ಕಲ್ಲಿದ್ದಲಿನಿಂದ ತಯಾರಿಸುತ್ತಾರೆ. ಬಣ್ಣ, ವಾರ್ನಿಷು, ಅಂಟು, ಪ್ಲಾಸ್ಟಿಕ್ ಮುಂತಾದ ಉದ್ಯಮಗಳಿಗೆ ಇದು ಅವಶ್ಯಕವಾದ ಸರಕು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಕಳ್ಳಭಟ್ಟಿಯನ್ನು ಸರಿಯಾಗಿ ಇಳಿಸಲಾರದ ಕಾರಣ ಅದರಲ್ಲಿ ವಿಷ ತಾನೇ ಹುಟ್ಟುತ್ತದೆಯೆಂದು ಅನೇಕರು ನಂಬಿದ್ದಾರೆ. ಬೆಲ್ಲದ ಹುದುಗಿನಲ್ಲಿ ಹುಟ್ಟುವ ಮೀಥೈಲ್ ಅತ್ಯಲ್ಪ. ಹಣ್ಣುಗಳಲ್ಲಿ ಪೆಕ್ಟಿನ್ ಎಂಬ ಪದಾರ್ಥವಿರುವುದರಿಂದ (ಜಾಮು ಗಟ್ಟಿಯಾಗುವುದು ಇದರ ಗುಣದಿಂದಲೇ) ಹಣ್ಣಿನ ಮದ್ಯಗಳಲ್ಲಿ ಮಾತ್ರ ಅದು ಸ್ವಲ್ಪ ಹೆಚ್ಚು. ಆದ್ದರಿಂದಲೇ ಐರೋಪ್ಯ ಒಕ್ಕೂಟದ ನಿಯಮಗಳು 100 ಲೀಟರ್ ಶುದ್ಧ ಮದ್ಯಸಾರಕ್ಕೆ ದ್ರಾಕ್ಷಿಯ ಬ್ರಾಂದಿಯಲ್ಲಿ 200 ಗ್ರಾಂ ಮೀಥೈಲನ್ನೂ, ಇತರ ಹಣ್ಣುಗಳ ಮದ್ಯದಲ್ಲಿ ಸಾಮಾನ್ಯವಾಗಿ 1000 ಗ್ರಾಮಿನವರೆಗೂ ಸಹಿಸುತ್ತವೆ. ನೂರಾರು ಜನರನ್ನು ಒಮ್ಮೆಲೇ ಕೊಲ್ಲುವ ಪ್ರಮಾಣ ಹುದುಗಿನ ಮಡಕೆಯಿಂದ ಬರುವುದಲ್ಲ. ಅದು ಕಾರ್ಖಾನೆಯ ಪೀಪಾಯಿಯಿಂದ ಬಂದು ಸೇರಿದ್ದು. ಕುಡಿಯುವ ಮದ್ಯಸಾರದ ಮೇಲೆ ಸರಕಾರದ ಸುಂಕದ ಹೊರೆಯಿದೆ, ಕೈಗಾರಿಕೆಯ ಮೀಥೈಲಿನ ಮೇಲೆ ಅಂಥ ಹೊರೆಯಿಲ್ಲ. ಎರಡರ ಬೆಲೆಯ ನಡುವಿನ ಅಂತರವೇ ಈ ಅಪರಾಧದ ಬಂಡವಾಳ. ಇಟಲಿಯಲ್ಲಿ 1986ರಲ್ಲಿ ಸಾಮಾನ್ಯ ಅಂಗಡಿಗಳಲ್ಲಿ ಮಾರಾಟವಾದ ದ್ರಾಕ್ಷಾರಸದಲ್ಲಿ ಇದೇ ಮೀಥೈಲ್ ಬೆರೆತು 20ಕ್ಕೂ ಹೆಚ್ಚು ಜನ ಸತ್ತರು. ಬಿರಡೆ, ಚೀಟಿ, ಅಂಗಡಿ ಇವು ಯಾವುವೂ ರಕ್ಷಣೆಯಾಗಲಿಲ್ಲ.

ಬ್ಯಾಂಕಿನ ಖಾತೆಪುಸ್ತಕದಲ್ಲಿ ಒಂದೇ ಹೆಸರಿನ, ಒಂದೇ ಬೀದಿಯ ಇಬ್ಬರು ಗ್ರಾಹಕರಿದ್ದರೆ ಗುಮಾಸ್ತನು ಪಡುವ ಪಾಡು ಅನುಭವಸ್ಥರಿಗೆ ಗೊತ್ತು. ಈಥೈಲ್ ಮತ್ತು ಮೀಥೈಲ್ ಅಂಥ ಜೋಡಿ. ಎರಡೂ ಬಣ್ಣವಿಲ್ಲದವು, ಎರಡೂ ನೀರಿನಲ್ಲಿ ಪೂರ್ತಿಯಾಗಿ ಬೆರೆಯುವವು, ವಾಸನೆಯೂ ಹೆಚ್ಚುಕಡಿಮೆ ಒಂದೇ. ಬೆರೆಸಿದ ಮೇಲೆ ನಾಲಗೆಗೆ ವ್ಯತ್ಯಾಸ ತಿಳಿಯದು. ಕುಡಿದವನಿಗೆ ಮೊದಲು ಏರುವ ಅಮಲು ಕೂಡ ಅನುಮಾನಕ್ಕೆ ಎಡೆಗೊಡದು. ಬೆಂಕಿ ಹಚ್ಚಿ ನೋಡಿದರೆ ನೀಲಿಯಾಗಿ ಉರಿಯುವುದು ಒಳ್ಳೆಯ ಸರಕೆಂದು ಹೇಳುವ ಪರೀಕ್ಷಕರು ಪ್ರತಿಯೊಂದು ಕೇರಿಯಲ್ಲೂ ಇದ್ದಾರೆ. ಎರಡೂ ನೀಲಿಯಾಗಿಯೇ ಉರಿಯುತ್ತವೆ. ಮೀಥೈಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣದಷ್ಟು ಮಸಕು, ಅಷ್ಟೆ. ಈ ಪರೀಕ್ಷೆಯನ್ನು ನಂಬುವುದಕ್ಕಿಂತ ಪರೀಕ್ಷೆಯನ್ನೇ ಮಾಡದಿರುವುದು ಲೇಸು, ಏಕೆಂದರೆ ಅದು ಧೈರ್ಯವನ್ನು ಕೊಡುತ್ತದೆ.

ಅಬಕಾರಿ ಇಲಾಖೆಯು ಬಹುಕಾಲದಿಂದ ಬಳಸಿದ ಹೈಡ್ರೊಮೀಟರೂ ಇಲ್ಲಿ ಸೋಲುತ್ತದೆ. ದ್ರವದಲ್ಲಿ ತೇಲಿಬಿಟ್ಟ ಆ ಗಾಜಿನ ಬುರುಡೆಯು ಎಷ್ಟು ಆಳಕ್ಕೆ ಮುಳುಗುತ್ತದೆಂಬುದರಿಂದ ಮದ್ಯಸಾರದ ಶೇಕಡಾ ಪ್ರಮಾಣವನ್ನು ಹೇಳುತ್ತಾರೆ. ಆದರೆ 20 ಡಿಗ್ರಿ ಉಷ್ಣದಲ್ಲಿ ಈಥೈಲಿನ ಸಾಂದ್ರತೆ ಒಂದು ಮಿಲಿಲೀಟರಿಗೆ 0.789 ಗ್ರಾಂ, ಮೀಥೈಲಿನದು 0.791 ಗ್ರಾಂ. ಈ ಕೂದಲೆಳೆಯ ಅಂತರವನ್ನು ಆ ಬುರುಡೆ ಗುರುತಿಸಲಾರದು. ಕೊಲ್ಲುವ ಮಿಶ್ರಣಕ್ಕೂ ಅದು ಸರಿಯಾದ ಮದ್ಯದ ಅಂಕೆಯನ್ನೇ ತೋರಿಸುತ್ತದೆ. ಆದರೆ ಬೆಳಕನ್ನು ಬಾಗಿಸುವ ಗುಣದಲ್ಲಿ ಇಬ್ಬರು ಬಂಧುಗಳೂ ಬೇರೆಬೇರೆ. ನೀರಿನ ವಕ್ರೀಭವನಾಂಕ 1.333, ಈಥೈಲಿನದು 1.361, ಮೀಥೈಲಿನದು ನೀರಿಗಿಂತಲೂ ಕಡಿಮೆ, 1.329. ಭಟ್ಟಿಯಿಳಿಸಿ ಶುದ್ಧಮಾಡಿದ ಮಾದರಿಗೆ ಹೈಡ್ರೊಮೀಟರ್ ಒಂದು ಲೆಕ್ಕವನ್ನೂ, ವಕ್ರೀಭವನಮಾಪಕವು ಅದಕ್ಕಿಂತ ಕಡಿಮೆಯ ಲೆಕ್ಕವನ್ನೂ ಕೊಟ್ಟರೆ ಒಳಗೆ ಮೂರನೆಯವನೊಬ್ಬ ಇದ್ದಾನೆಂದು ಅರ್ಥ. ಎರಡು ಪುಸ್ತಕಗಳು ತಾಳೆಯಾಗದಾಗ ಲೆಕ್ಕಪರಿಶೋಧಕನು ಎಚ್ಚರಗೊಳ್ಳುವ ಹಾಗೆಯೇ ಇದು.

ಇನ್ನು ರಾಸಾಯನಿಕ ಪರೀಕ್ಷೆಗಳು. ಇವೆಲ್ಲಕ್ಕೂ ಆಧಾರವಾದ ತಂತ್ರ ಒಂದೇ: ಅವಳಿಗಳನ್ನು ನೇರವಾಗಿ ಗುರುತಿಸಲಾಗದಿದ್ದರೆ ಇಬ್ಬರಿಗೂ ವೇಷ ಬದಲಾಯಿಸಿ, ಆಮೇಲೆ ನೋಡುವುದು. ಪೊಟಾಸಿಯಂ ಪರ್ಮಾಂಗನೇಟು ಮದ್ಯಸಾರಗಳನ್ನು ಉತ್ಕರ್ಷಿಸುತ್ತದೆ. ಆಗ ಈಥೈಲ್ ಅಸೆಟಾಲ್ಡಿಹೈಡ್ ಆಗುತ್ತದೆ, ಮೀಥೈಲ್ ಫಾರ್ಮಾಲ್ಡಿಹೈಡ್ ಆಗುತ್ತದೆ. ಈ ಎರಡು ಹೊಸ ವಸ್ತುಗಳ ವರ್ತನೆಯಲ್ಲಿ ಭೇದ ಸ್ಪಷ್ಟ.

ಪ್ರಯೋಗಾಲಯಗಳಲ್ಲಿ ಹೆಸರಾದುದು ಕ್ರೊಮೊಟ್ರೋಪಿಕ್ ಆಮ್ಲದ ಪರೀಕ್ಷೆ. ಮದ್ಯವನ್ನು ಮೊದಲು ಭಟ್ಟಿಯಿಳಿಸಿ ಬಣ್ಣ, ಸಕ್ಕರೆಗಳನ್ನು ತೊಲಗಿಸಿ, ಮದ್ಯಸಾರವು ಶೇಕಡಾ ಐದೂವರೆಯ ಆಸುಪಾಸಿಗೆ ಬರುವಂತೆ ನೀರು ಬೆರೆಸುತ್ತಾರೆ. ಫಾಸ್ಫಾರಿಕ್ ಆಮ್ಲ ಸೇರಿಸಿದ ಪರ್ಮಾಂಗನೇಟಿನ 2 ಮಿಲಿಲೀಟರ್ ದ್ರಾವಣವನ್ನು ಮಂಜುಗಡ್ಡೆಯಲ್ಲಿ ತಂಪಾಗಿಸಿ, ಅದಕ್ಕೆ ಮಾದರಿಯ 1 ಮಿಲಿಲೀಟರನ್ನು ಹಾಕಿ ಅರ್ಧ ಗಂಟೆ ತಂಪಿನಲ್ಲೇ ಬಿಡುತ್ತಾರೆ. ಉಳಿದ ಪರ್ಮಾಂಗನೇಟಿನ ನೇರಳೆ ಬಣ್ಣವನ್ನು ಸೋಡಿಯಂ ಬೈಸಲ್ಫೈಟಿನಿಂದ ಅಳಿಸಿ, ಕ್ರೊಮೊಟ್ರೋಪಿಕ್ ಆಮ್ಲವನ್ನು ಹಾಕಿ, ತೀಕ್ಷ್ಣವಾದ ಗಂಧಕಾಮ್ಲವನ್ನು ನಿಧಾನವಾಗಿ ಸುರಿದು, 60ರಿಂದ 75 ಡಿಗ್ರಿಯ ಬಿಸಿನೀರಿನಲ್ಲಿ ಕಾಲು ಗಂಟೆ ಇಡುತ್ತಾರೆ. ಮೀಥೈಲ್ ಇದ್ದ ನಳಿಕೆಯಲ್ಲಿ ನಸುನೇರಳೆ ಬಣ್ಣ ಮೂಡುತ್ತದೆ. ವಿಷ ಹೆಚ್ಚಿದ್ದಷ್ಟೂ ಬಣ್ಣ ಗಾಢ. ಕಣ್ಣಳತೆಯನ್ನು ನಂಬದೆ 575 ನ್ಯಾನೋಮೀಟರ್ ಅಲೆಯ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ನುಂಗಿಹೋಯಿತೆಂದು ಯಂತ್ರದಿಂದ ಅಳೆದು ಪ್ರಮಾಣವನ್ನು ಲೆಕ್ಕಹಾಕುತ್ತಾರೆ.

ಓದಲು ಇದು ಅಡಿಗೆಯ ವಿಧಾನದಷ್ಟೇ ಸರಳವಾಗಿ ಕಂಡೀತು. ಆದರೆ ಪ್ರಾಮಾಣಿಕತೆಯಿರುವುದು ಪಕ್ಕದ ಎರಡು ನಳಿಕೆಗಳಲ್ಲಿ. ಒಂದರಲ್ಲಿ ಮೀಥೈಲ್ ಎಳ್ಳಷ್ಟೂ ಇಲ್ಲದ ಈಥೈಲ್ ದ್ರಾವಣ, ಇನ್ನೊಂದರಲ್ಲಿ ಇಷ್ಟೇ ಎಂದು ತೂಗಿ ಹಾಕಿದ ಮೀಥೈಲ್ ಇರುವ ದ್ರಾವಣ. ಇವೆರಡೂ ಮಾದರಿಯ ಜೊತೆಯಲ್ಲೇ ಎಲ್ಲ ಹಂತಗಳನ್ನೂ ದಾಟಬೇಕು. ಬರಿಯ ನಳಿಕೆಯಲ್ಲೂ ಬಣ್ಣ ಬಂದರೆ ಆ ದಿನದ ಪರೀಕ್ಷೆಯೇ ಅಸಿಂಧು. ಮಾದರಿಯಲ್ಲಿ ಮೊದಲೇ ಫಾರ್ಮಾಲ್ಡಿಹೈಡ್ ಇದ್ದರೆ ಅದೂ ಬಣ್ಣ ಕೊಟ್ಟು ಮೋಸಗೊಳಿಸಬಲ್ಲದು. ಆದಕಾರಣ ಪರ್ಮಾಂಗನೇಟು ಹಾಕದೆಯೂ ಒಮ್ಮೆ ನೋಡಿಕೊಳ್ಳುವ ಜಾಣತನ ಬೇಕು. ಷಿಫ್ ಎಂಬ ರಸಾಯನಜ್ಞನ ಹೆಸರಿನ ಕಾರಕದಿಂದ ನಡೆಸುವ ಪರೀಕ್ಷೆ ಇನ್ನೂ ಹಳೆಯದು. ಗಂಧಕದ ಡೈಆಕ್ಸೈಡಿನಿಂದ ಬಣ್ಣ ಕಳೆದುಕೊಂಡ ಮಜೆಂಟಾ ವರ್ಣದ್ರವ್ಯಕ್ಕೆ ಆಲ್ಡಿಹೈಡ್ ತಗಲಿದರೆ ಬಣ್ಣ ಮರಳುತ್ತದೆ; ಗಂಧಕಾಮ್ಲ ಸಾಕಷ್ಟಿದ್ದಾಗ ಫಾರ್ಮಾಲ್ಡಿಹೈಡಿನ ಬಣ್ಣ ಮಾತ್ರ ನಿಲ್ಲುತ್ತದೆ. ಮದ್ಯಗಳ ಪರೀಕ್ಷಾ ವಿಧಾನಗಳನ್ನು ನಿಗದಿಪಡಿಸಿರುವ ನಮ್ಮ ದೇಶದ ಮಾನಕದ ಸಂಖ್ಯೆ 3752. ಮೀಥೈಲ್ ಮೊದಲಾದವುಗಳ ಮಿತಿಯನ್ನು ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಹೇಳಿದೆ. ಅವು 2019ರ ಏಪ್ರಿಲಿನಿಂದ ಜಾರಿಯಲ್ಲಿವೆ.

ಬಣ್ಣದ ಪರೀಕ್ಷೆಗಳಿಗೆ ಒಂದು ಕೊರತೆಯಿದೆ. ಅವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತವೆ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದ ಸಾಧನ ಅನಿಲ ಕ್ರೊಮಾಟೊಗ್ರಫಿ. ರಷ್ಯದ ಸಸ್ಯವಿಜ್ಞಾನಿ ಸ್ವೆಟ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಹೂಡಿದ ಉಪಾಯಕ್ಕೆ ಆ ಹೆಸರು ಬಂತು. ಈಗಿನ ಯಂತ್ರದಲ್ಲಿ ಬಣ್ಣದ ಸುಳಿವೇ ಇಲ್ಲದಿದ್ದರೂ ಹೆಸರು ಮಾತ್ರ ಉಳಿದಿದೆ. 1952ರಲ್ಲಿ ಬ್ರಿಟನ್ನಿನ ಆರ್ಚರ್ ಮಾರ್ಟಿನ್ ಮತ್ತು ಆಂಟನಿ ಜೇಮ್ಸ್ ಇದರ ಅನಿಲರೂಪವನ್ನು ಪ್ರಕಟಿಸಿದರು.

ಕೊಳವೆಯೊಂದರ ಒಳಮೈಗೆ ಜಿಗುಟಾದ ದ್ರವವೊಂದನ್ನು ಸವರಿ, ಅದರ ಮೂಲಕ ಸಾರಜನಕ ಅಥವಾ ಹೀಲಿಯಂ ಅನಿಲವನ್ನು ಒಂದೇ ಸಮನೆ ಹಾಯಿಸುತ್ತಾರೆ. ಹಿಂದೆ ಎರಡು ಮೂರು ಮೀಟರಿನ ಗಾಜಿನ ಕೊಳವೆಯಿತ್ತು. ಇಂದು 30 ಅಥವಾ 60 ಮೀಟರ್ ಉದ್ದದ, ಅರ್ಧ ಮಿಲಿಮೀಟರಿಗಿಂತ ಕಿರಿದಾದ ನಾಳ ಸುರುಳಿಯಾಗಿ ಒಲೆಯೊಳಗೆ ಕುಳಿತಿರುತ್ತದೆ. ಸೂಜಿಯಿಂದ ಚುಚ್ಚಿದ ಮದ್ಯ ಕ್ಷಣದಲ್ಲಿ ಆವಿಯಾಗಿ ಅನಿಲದೊಡನೆ ಹೊರಡುತ್ತದೆ. ಎಲ್ಲರೂ ಒಟ್ಟಿಗೆ ಹೊರಟರೂ ದಾರಿಯ ಜಿಗುಟು ಎಲ್ಲರನ್ನೂ ಒಂದೇ ಬಗೆಯಲ್ಲಿ ಹಿಡಿಯುವುದಿಲ್ಲ. ಜಾತ್ರೆಗೆ ಹೊರಟ ಗುಂಪಿನಲ್ಲಿ ಪ್ರತಿ ಅಂಗಡಿಯ ಮುಂದೆ ನಿಲ್ಲುವವರು ಹಿಂದುಳಿದು, ನೇರ ನಡೆಯುವವರು ಮುಂದೆ ಸೇರುವಂತೆ, ಅಸೆಟಾಲ್ಡಿಹೈಡ್ ಮೊದಲು, ಮೀಥೈಲ್ ಆಮೇಲೆ, ಅದರ ಹಿಂದೆಯೇ ಈಥೈಲ್, ಬಹಳ ತಡವಾಗಿ ಭಾರವಾದ ಮದ್ಯಸಾರಗಳು ಹೀಗೆ ಒಂದೊಂದಾಗಿ ತುದಿಯನ್ನು ಮುಟ್ಟುತ್ತವೆ. ಅಲ್ಲಿ ಹೈಡ್ರೋಜನ್ನಿನ ಪುಟ್ಟ ಜ್ವಾಲೆ ಉರಿಯುತ್ತಿರುತ್ತದೆ. ಇಂಗಾಲವುಳ್ಳ ವಸ್ತು ಅದರಲ್ಲಿ ಉರಿದಾಗ ಅತಿ ಸೂಕ್ಷ್ಮವಾದ ವಿದ್ಯುತ್ತು ಹರಿದು ಕಾಗದದ ಮೇಲೆ ಒಂದು ಶಿಖರ ಏಳುತ್ತದೆ. ಬಂದ ವೇಳೆಯಿಂದ ಆಸಾಮಿಯ ಗುರುತು, ಶಿಖರದ ಹರವಿನಿಂದ ಅವನ ಪ್ರಮಾಣ.

ಸೂಜಿಯಿಂದ ಹಾಕಿದ ಹನಿ ಒಮ್ಮೆ ಸ್ವಲ್ಪ ಹೆಚ್ಚು, ಒಮ್ಮೆ ಕಡಿಮೆಯಾದರೆ ಲೆಕ್ಕ ಕೆಡುವುದಿಲ್ಲವೇ? ಕೆಡುತ್ತದೆ. ಅದಕ್ಕಾಗಿ ಮದ್ಯದಲ್ಲಿ ಸಾಧಾರಣವಾಗಿ ಇಲ್ಲದ ಪೆಂಟನಾಲಿನಂಥ ಮತ್ತೊಂದು ಮದ್ಯಸಾರವನ್ನು ಅಳೆದು ಮಾದರಿಗೆ ಮೊದಲೇ ಸೇರಿಸಿರುತ್ತಾರೆ. ಹನಿ ಚಿಕ್ಕದಾದರೆ ಅದರ ಶಿಖರವೂ ಮೀಥೈಲಿನ ಶಿಖರವೂ ಒಂದೇ ಪ್ರಮಾಣದಲ್ಲಿ ಕುಗ್ಗುತ್ತವೆ; ಎರಡರ ಅನುಪಾತ ಕದಲದು. ಎಣಿಸುವವನ ತಪ್ಪನ್ನು ಎಣಿಕೆಯೊಳಗೇ ಸರಿಪಡಿಸುವ ಇಂಥ ಏರ್ಪಾಡು ನಗದು ವಿಭಾಗಗಳಿಗೂ ದೊರೆತಿದ್ದರೆ ಎಷ್ಟೋ ಸಂಜೆಗಳು ಬೇಗನೆ ಮುಗಿಯುತ್ತಿದ್ದವು! ನ್ಯಾಯಾಲಯದ ಮುಂದೆ ಸಂದೇಹಕ್ಕೆ ಎಡೆಯಿರಬಾರದೆಂದಿದ್ದರೆ ಕೊಳವೆಯ ತುದಿಗೆ ರಾಶಿರೋಹಿತಮಾಪಕವನ್ನು ಜೋಡಿಸಿ, ಅಣುವನ್ನು ಒಡೆದು ಅದರ ತುಣುಕುಗಳ ತೂಕದಿಂದಲೂ ಗುರುತನ್ನು ದೃಢಪಡಿಸುತ್ತಾರೆ.

ಮೀಥೈಲೊಂದೇ ವಿಷವಲ್ಲ. ಪ್ರಯೋಗಾಲಯಕ್ಕೆ ಏನನ್ನು ಹುಡುಕಬೇಕೆಂದೇ ತಿಳಿಯದಿದ್ದಾಗ ಆಗುವ ಅನರ್ಥಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರ ಸಾಕ್ಷಿ. 1900ರಲ್ಲಿ ಆ ಪ್ರದೇಶದ ಸಾವಿರಾರು ಬಿಯರ್ ಕುಡುಕರಿಗೆ ಕೈಕಾಲು ಜೋಮು, ನಿಶ್ಶಕ್ತಿ, ಚರ್ಮ ಕಪ್ಪಾಗುವಿಕೆ ಆರಂಭವಾಯಿತು. ಅತಿಯಾಗಿ ಕುಡಿಯುವವರ ನರರೋಗವೆಂದು ವೈದ್ಯರು ತಳ್ಳಿಹಾಕಿದರು. ಅರ್ನೆಸ್ಟ್ ರೇನಾಲ್ಡ್ಸ್ ಎಂಬ ವೈದ್ಯನಿಗೆ ಮಾತ್ರ ಒಂದು ಸಂಶಯ ಬಂತು: ವಿಸ್ಕಿ ಮೊದಲಾದ ತೀಕ್ಷ್ಣ ಮದ್ಯಗಳನ್ನು ಕುಡಿಯುವವರಿಗಿಲ್ಲದ ಕಾಯಿಲೆ ಬಿಯರಿನವರಿಗೇ ಏಕೆ? ಅದೇ ಕಾಲದಲ್ಲಿ ಸರ್ಪಹುಣ್ಣಿನ ರೋಗಿಗಳೂ ಹೆಚ್ಚಿದ್ದರು. ಆರ್ಸೆನಿಕ್ ಸೇವನೆಯಿಂದ ಸರ್ಪಹುಣ್ಣು ಏಳಬಹುದೆಂದು ಅವನು ಬಲ್ಲ. ಬಿಯರಿಗೆ ಆಮ್ಲ ಸೇರಿಸಿ ತಾಮ್ರದ ತುಣುಕಿನೊಡನೆ ಕುದಿಸುವ ರೈನ್ಷ್ ಪರೀಕ್ಷೆಯನ್ನು ನಡೆಸಿದ. ತಾಮ್ರದ ಮೇಲೆ ಆರ್ಸೆನಿಕ್ಕಿನ ಲೇಪ ಕಟ್ಟಿತು. ಬಿಯರಿಗೆ ಹಾಕುವ ಸಕ್ಕರೆಯನ್ನು ತಯಾರಿಸಲು ಬಳಸಿದ ಗಂಧಕಾಮ್ಲವು ಆರ್ಸೆನಿಕ್ ಬೆರೆತ ಅದಿರಿನಿಂದ ಬಂದದ್ದೆಂದು ಆಮೇಲೆ ತಿಳಿಯಿತು. ಹೊತ್ತಿಗೆ 6000ದಷ್ಟು ಜನ ನರಳಿ, ಕನಿಷ್ಠ 70 ಮಂದಿ ಸತ್ತಿದ್ದರು. ವಿಚಾರಣೆಗೆ ನೇಮಿತವಾದ ರಾಜ ಆಯೋಗದ ಅಧ್ಯಕ್ಷನು ಪ್ರಸಿದ್ಧ ವಿಜ್ಞಾನಿ ಲಾರ್ಡ್ ಕೆಲ್ವಿನ್. ಒಂದು ಗ್ಯಾಲನ್ನಿನಲ್ಲಿ ಒಂದು ಗ್ರೇನಿನ ನೂರರ ಒಂದು ಪಾಲಿಗಿಂತ, ಎಂದರೆ ಲೀಟರಿಗೆ ಸುಮಾರು 0.14 ಮಿಲಿಗ್ರಾಮಿಗಿಂತ, ಹೆಚ್ಚಿನ ಆರ್ಸೆನಿಕ್ ಇರಕೂಡದೆಂಬ ಮಿತಿ ಅಲ್ಲಿಂದ ಬಂತು. ಈಗ ಆರ್ಸೆನಿಕ್, ಸೀಸ ಮೊದಲಾದ ಲೋಹಗಳನ್ನು ಪರಮಾಣು ಹೀರಿಕೆಯ ರೋಹಿತಮಾಪಕಗಳು ಇದಕ್ಕಿಂತ ಎಷ್ಟೋ ಕಡಿಮೆ ಮಟ್ಟದಲ್ಲೂ ಹಿಡಿಯುತ್ತವೆ.

ಪರೀಕ್ಷೆಯನ್ನು ಬಲ್ಲ ವಂಚಕನು ಪರೀಕ್ಷೆಗೇ ತಕ್ಕಂತೆ ಕಲಬೆರಕೆ ಮಾಡುವುದೂ ಉಂಟು. ಅಮೆರಿಕದ ಪಾನನಿಷೇಧದ ಕಾಲದಲ್ಲಿ ಶುಂಠಿಯ ಸತ್ತ್ವವೆಂಬ ಹೆಸರಿನಲ್ಲಿ ಮದ್ಯ ಮಾರಾಟವಾಗುತ್ತಿತ್ತು. ಅದನ್ನು ಕುಡಿಯಲಾಗದಷ್ಟು ಕಟುವಾಗಿಸಲು ಶುಂಠಿಯ ಅಂಶ ಇಷ್ಟಿರಬೇಕೆಂದು ಕಾನೂನು. ಅಧಿಕಾರಿಗಳು ದ್ರವವನ್ನು ಆವಿಯಾಗಿಸಿ ಉಳಿದ ಗಷ್ಟನ್ನು ತೂಗುತ್ತಿದ್ದರು. ತೂಕ ಸರಿದೂಗಲಿ, ರುಚಿ ಕೆಡದಿರಲಿ ಎಂದು ವ್ಯಾಪಾರಿಗಳು ಶುಂಠಿಗೆ ಬದಲಾಗಿ ಟ್ರೈಆರ್ಥೊಕ್ರೆಸಿಲ್ ಫಾಸ್ಫೇಟ್ ಎಂಬ ಕೈಗಾರಿಕಾ ದ್ರವ್ಯವನ್ನು ಬೆರೆಸಿದರು. ಅದು ಆವಿಯಾಗದೆ ಉಳಿಯಿತು, ತಕ್ಕಡಿ ಒಪ್ಪಿತು. 1930ರಲ್ಲಿ ಸಹಸ್ರಾರು ಬಡವರ ಕಾಲುಗಳು ಲಕ್ವ ಹೊಡೆದು ಸೋತುಹೋದವು. 1985ರಲ್ಲಿ ಆಸ್ಟ್ರಿಯದ ಕೆಲವರು ದ್ರಾಕ್ಷಾರಸಕ್ಕೆ ಸಿಹಿಯೂ ಮೈಕಟ್ಟೂ ಬರಲೆಂದು ಡೈಈಥಿಲೀನ್ ಗ್ಲೈಕಾಲ್ ಬೆರೆಸಿದಾಗ, ಮಾಮೂಲು ಪರೀಕ್ಷೆಗಳು ಅದನ್ನು ಕೇಳಿರಲೇ ಇಲ್ಲ. ಕೇಳಿ ಪತ್ತೆ ಮಾಡಿದವರು ಪಶ್ಚಿಮ ಜರ್ಮನಿಯ ಪ್ರಯೋಗಾಲಯದವರು.

ಸೀಸೆಯ ಪರೀಕ್ಷೆ ಅಪರಾಧಿಯನ್ನು ಹಿಡಿಯುವುದಕ್ಕೆ. ರೋಗಿಯ ರಕ್ತದ ಪರೀಕ್ಷೆ ಪ್ರಾಣವನ್ನು ಹಿಡಿದು ನಿಲ್ಲಿಸುವುದಕ್ಕೆ. ಇಲ್ಲಿ ಕಾಲವೇ ಮುಖ್ಯ. ಮೀಥೈಲ್ ತಾನಾಗಿ ಅಷ್ಟು ಕ್ರೂರಿಯಲ್ಲ. ಯಕೃತ್ತಿನ ಕಿಣ್ವಗಳು ಅದನ್ನು ಫಾರ್ಮಾಲ್ಡಿಹೈಡಾಗಿಯೂ, ಅದನ್ನು ಫಾರ್ಮಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತವೆ. ಈ ಆಮ್ಲವು ರಕ್ತವನ್ನು ಹುಳಿಯಾಗಿಸಿ ಕಣ್ಣಿನ ನರವನ್ನು ಸುಡುತ್ತದೆ. 10 ಮಿಲಿಲೀಟರಿನಷ್ಟು ಶುದ್ಧ ಮೀಥೈಲ್ ಕುರುಡಾಗಿಸಬಲ್ಲದು, 30 ಮಿಲಿಲೀಟರ್ ಕೊಲ್ಲಬಲ್ಲದು. ಆದರೆ ಈ ಮಾರ್ಪಾಡಿಗೆ ಸಾಮಾನ್ಯವಾಗಿ 12ರಿಂದ 24 ಗಂಟೆ ಹಿಡಿಯುತ್ತದೆ. ಜೊತೆಗೆ ಈಥೈಲ್ ಕುಡಿದಿದ್ದರೆ ಇನ್ನೂ ತಡ, ಏಕೆಂದರೆ ಕಿಣ್ವವು ಈಥೈಲನ್ನು ಮೊದಲು ಆರಿಸಿಕೊಳ್ಳುತ್ತದೆ. ಅಷ್ಟು ಹೊತ್ತು ಆಸಾಮಿ ಚೆನ್ನಾಗಿಯೇ ಇರುತ್ತಾನೆ. ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು. ಮಂಜು ಕವಿದಂತೆ, ಬಿಳಿಯ ತೆರೆಯ ಹಿಂದಿನಿಂದ ನೋಡಿದಂತೆ ದೃಷ್ಟಿ.

ರಕ್ತದಲ್ಲಿನ ಮೀಥೈಲನ್ನು ಅದೇ ಅನಿಲ ಕ್ರೊಮಾಟೊಗ್ರಫಿಯಿಂದ ಅಳೆಯುತ್ತಾರೆ. ಮುಚ್ಚಿದ ಪುಟ್ಟ ಸೀಸೆಯಲ್ಲಿ ರಕ್ತವನ್ನು ಬೆಚ್ಚಗಾಗಿಸಿ, ಮೇಲೆ ಸೇರುವ ಆವಿಯನ್ನು ಮಾತ್ರ ತೆಗೆದು ಯಂತ್ರಕ್ಕೆ ಕೊಡುತ್ತಾರೆ. ಆ ಯಂತ್ರವಿಲ್ಲದ ಆಸ್ಪತ್ರೆಗಳಲ್ಲೂ ರಕ್ತದ ಆಮ್ಲತೆ, ಲವಣಗಳ ಲೆಕ್ಕದಲ್ಲಿ ಕಾಣುವ ಅಂತರ, ಆಸ್ಮೊಮೀಟರಿನ ಅಂಕೆ ಇವುಗಳಿಂದ ವೈದ್ಯರು ಊಹಿಸಬಲ್ಲರು, ಊಹಿಸಿ ವರದಿಗಾಗಿ ಕಾಯದೆ ಚಿಕಿತ್ಸೆಗೆ ತೊಡಗಬಲ್ಲರು. ಕಿಣ್ವವನ್ನು ತಡೆಯುವ ಫೋಮೆಪಿಜೋಲ್, ಅದು ಸಿಗದಲ್ಲಿ ವೈದ್ಯರ ಅಳತೆಯಲ್ಲಿ ಶುದ್ಧ ಈಥೈಲ್, ಆಮ್ಲವನ್ನು ಇಳಿಸಲು ಸೋಡಿಯಂ ಬೈಕಾರ್ಬನೇಟ್, ಫೋಲಿನಿಕ್ ಆಮ್ಲ, ಕಡೆಗೆ ರಕ್ತವನ್ನೇ ತೊಳೆಯುವ ಡಯಾಲಿಸಿಸ್ ಇವು ಚಿಕಿತ್ಸೆಗಳು. ಈಥೈಲ್ ಮದ್ದೆಂದು ಕೇಳಿ ಮನೆಯಲ್ಲೇ ಇನ್ನೊಂದು ಸೀಸೆ ಕುಡಿಸುವುದು ಅಪಾಯಕರ. ರೋಗಲಕ್ಷಣ ಮರೆಯಾಗಿ ಹೊತ್ತು ಕಳೆಯುತ್ತದೆ.

ಹೀಗಿರುವಾಗ, ನಿನ್ನೆ ಸಂಜೆ ಕುಡಿದ ಕಾವಲುಗಾರನೋ ಹೋಟೆಲಿನ ಹುಡುಗನೋ ಬೆಳಗ್ಗೆ ಕಣ್ಣು ಮಂಜೆಂದರೆ ಅದನ್ನು ಅಮಲಿನ ಉಳಿಕೆಯೆಂದು ಬಿಡಬಾರದು. ಡಯಾಲಿಸಿಸ್ ಸೌಕರ್ಯವಿರುವ ಆಸ್ಪತ್ರೆಗೆ ಒಡನೆಯೇ ಒಯ್ಯಬೇಕು. ಅವನೊಡನೆ ಕುಡಿದು ಇನ್ನೂ ಸೌಖ್ಯವಾಗಿರುವವರನ್ನೂ ಕರೆದೊಯ್ಯಬೇಕು. ಉಳಿದ ಮದ್ಯವನ್ನು ಹೆದರಿ ಚರಂಡಿಗೆ ಚೆಲ್ಲುವುದು ಸಾಮಾನ್ಯ. ಚೆಲ್ಲದೆ, ಇದ್ದ ಸೀಸೆಯಲ್ಲೇ ಬಿರಡೆಯನ್ನು ಬಿಗಿದು ತಂಪಾದ ಜಾಗದಲ್ಲಿಟ್ಟು ಆಸ್ಪತ್ರೆಗೆ ಅಥವಾ ಪೊಲೀಸರಿಗೆ ಒಪ್ಪಿಸಬೇಕು. ಮೀಥೈಲ್ ಸುಮಾರು 65 ಡಿಗ್ರಿಯಲ್ಲೇ ಕುದಿಯುವ ವಸ್ತುವಾದ್ದರಿಂದ ತೆರೆದಿಟ್ಟರೆ ಸಾಕ್ಷಿಯೇ ಆವಿಯಾಗಿ ಹೋದೀತು. ಮುಂಬಯಿಯಲ್ಲಿ ಇಂಥ ಮಾದರಿಗಳು ಮೊಹರು ಹಾಕಿಸಿಕೊಂಡು ಕಲೀನಾದ ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತವೆ. ಸೀಸೆಯ ತಳದಲ್ಲಿ ಒಂದು ಗುಟುಕು ಉಳಿದಿದ್ದರೂ ಸಾಕು: ಯಂತ್ರವು ಒಂದು ಸಲಕ್ಕೆ ಕೇಳುವುದು ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗವನ್ನು ಮಾತ್ರ.